ಕಾಕಾನ ಸೌಂಡ್ ಕಾರ್ಡೂ ನನ್ನ ತೊಡೆಯೂ

ನಮ್ಮ ಕಾಕಾನಿಗೆ ದೇವರ ಮೇಲೆ ಭಕ್ತಿ, ಪೂಜಾರಿಯ ಮೇಲೆ ಸಿಟ್ಟು! ಪೂಜಾರಿ, ದಲ್ಲಾಳಿ, ಏಜೆಂಟ್, ನಡುವೆ ಯಾರು ಬಂದರೂ ಅವರಿಗೆ ಆಗುವುದಿಲ್ಲ. ತಮ್ಮ ಮದುವೆಯ ಮಾತಿಗೂ ಹಿರಿಯರನ್ನು ಕಳಿಸಲಿಲ್ಲ. ಬಸವಕಲ್ಯಾಣದಿಂದ ಮೋರಖಂಡಿಗೆ ಒಬ್ಬರೇ ಸೈಕಲ್ ತುಳಿದು, ಕಣದಲ್ಲಿ ಜೋಳ ತೂರುತ್ತಿದ್ದ ಕಾಕಿಯನ್ನೇ ಕೇಳಿದರಂತೆ: "ನಾ ನಿಮಗ ಪಸಂದ ಅದೀನೇನ್ರಿ?"

"ಮಾರಿ ತುಂಬಾ ಹೊಟ್ಟು ಕುಂತದ. ತೊಳ್ಕೊಂಡು ಬರ್ರಿ, ನೋಡಿ ಹೇಳ್ತೀನಿ!" ಎಂದರಂತೆ ಕಾಕಿ.

ಊರಿನವರೆಲ್ಲರ ದನಿ ಅಣಕಿಸುವ ನಾನು ಕಾಕಿಯ ದನಿಯನ್ನು ಮಾತ್ರ ಮುಟ್ಟಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಅದು ಹೋಗಿಬಿಟ್ಟಿತು. ಉಳಿದದ್ದು ಒಂದೇ ಕ್ಯಾಸೆಟ್: ನನ್ನ ಹೆಸರಿಟ್ಟ ದಿನ ಅವರು ಹಾಡಿದ ತೊಟ್ಟಿಲ ಪದ. ನಡುನಡುವೆ ನಾನು ಅಳುವುದೂ ಇದೆ, ಬಲು ಬೇಸುರಾಗಿ! ಆ ರೀಲು ಎಷ್ಟು ಸವೆದಿತ್ತೆಂದರೆ, ಇನ್ನೊಮ್ಮೆ ತಿರುಗಿದರೆ ಹೆಚ್ಚು. ಆ ಒಂದು ಸಲದಲ್ಲೇ ಪದ ಕಂಪ್ಯೂಟರಿಗೆ ಇಳಿಯಬೇಕು.

ಕಾಕಾನ ಡಿಟಿಪಿ ಅಂಗಡಿಗೆ ಹೈದರಾಬಾದಿನಿಂದ ಹಳೆಯ ಸೌಂಡ್ ಕಾರ್ಡ್ ಬಂತು. ಅದು ಹಿಡಿದ ದನಿಯನ್ನು ಆಪರೇಟಿಂಗ್ ಸಿಸ್ಟಮ್ ಮೊದಲು ತನ್ನ ಹತ್ತಿರ ಇಟ್ಟುಕೊಂಡು, ಆಮೇಲೆ ನಕಲು ಮಾಡಿ ಪ್ರೋಗ್ರಾಮಿಗೆ ಕೊಡುತ್ತದೆಂದು ಪುಸ್ತಕದಲ್ಲಿ ಓದಿದ್ದೇ ತಡ, ಕಾಕಾ ಕೆರಳಿದರು. "ಇಲ್ಲೂ ದಲ್ಲಾಳಿ!" ಕಾರ್ಡು ದನಿಯನ್ನು ಸೀದಾ ಪ್ರೋಗ್ರಾಮಿನ ಮೆಮೊರಿಗೇ ಸುರಿಯುವಂತೆ ತಾವೇ ಒಂದು ಪ್ರೋಗ್ರಾಮ್ ಬರೆದುಕೊಂಡರು.

ಪರೀಕ್ಷೆಗೆ ಬಲಿ ಯಾರು? ನಾನೇ! ಮೈಕಿನ ಮುಂದೆ ನಮ್ಮ ಹೆಡ್ ಮಾಸ್ತರರಂತೆ ಗದರಿದೆ. ಮರಳಿ ಕೇಳಿದರೆ ಮಾಸ್ತರರು ತುಂಡು ತುಂಡು! ಅಷ್ಟೇ ಆಗಿದ್ದರೆ ನಗುತ್ತಿದ್ದೆ. ಅದೇ ಯಂತ್ರದಲ್ಲಿ ತೆರೆದಿಟ್ಟಿದ್ದ ಹುಮನಾಬಾದಿನ ಗಿರಾಕಿಯ ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರು ಹೋಗಿ ಇರುವೆಸಾಲಿನಂಥ ಅರ್ಥವಿಲ್ಲದ ಚಿಹ್ನೆಗಳು ಬಂದಿದ್ದವು.

"ನನ್ನ ಮಗಳ ಹೆಸರು ಎಲ್ಲಿ ಹೋತ್ರಿ?" ಎಂದ ಗಿರಾಕಿ.

"ಅದರ ಮ್ಯಾಲ ಹೆಡ್ ಮಾಸ್ತರ್ ಕುಂತಾರ್ರಿ," ಎಂದೆ. ಕಾಕಾ ನನ್ನ ಕಿವಿ ಹಿಂಡಿ, ಪತ್ರಿಕೆಯನ್ನು ಹೊಸದಾಗಿ ಮಾಡಿಕೊಟ್ಟರು. ಆದರೆ ತಪ್ಪು ಎಲ್ಲಿದೆಯೆಂದು ಅವರಿಗೂ ಹೊಳೆಯಲಿಲ್ಲ. ಕ್ಯಾಸೆಟ್ ಮುಟ್ಟುವ ಧೈರ್ಯವೂ ಬರಲಿಲ್ಲ.

ಅದೇ ಮದುವೆಗೆ ಹುಮನಾಬಾದಿಗೆ ಹೋದೆವು. ಊಟದ ಪಂಕ್ತಿಯಲ್ಲಿ ಜಾಗ ಸಾಲದೆ ಯಜಮಾನರು ಒಬ್ಬೊಬ್ಬರನ್ನೇ ಎಬ್ಬಿಸುತ್ತಿದ್ದರು. "ನೀವು ಆ ಕಡಿ ಹೋಗ್ರಿ. ಏ ತಮ್ಮಾ, ನೀ ಇಲ್ಲಿ ಕೂಡು." ಮೂರನೆಯ ಜಾಗದಲ್ಲಿದ್ದ ಹಿರಿಯರು ಎಲೆ ಸಮೇತ ಎದ್ದರು, ಅಲ್ಲಿ ನಾನು ಕುಳಿತೆ. ನನಗಿನ್ನೂ ಎಲೆ ಬಂದಿರಲಿಲ್ಲ. ಮೂರನೆಯ ಜಾಗಕ್ಕೆ ಸಾರು ಎಂದು ಮೊದಲೇ ಕೇಳಿಸಿಕೊಂಡು ಬಂದ ಬಡಿಸುವವನು, ಬಕೆಟ್ಟಿನಿಂದ ಕಣ್ಣು ಮೇಲೆತ್ತದೆ ಸುರಿದೇಬಿಟ್ಟ, ನನ್ನ ತೊಡೆಯ ಮೇಲೆ!

"ಸಿಕ್ತು!" ಕಾಕಾ ಚಪ್ಪಾಳೆ ತಟ್ಟಿದರು.

"ಏನ್ ಸಿಕ್ತು ಕಾಕಾ? ನನ್ನ ತೊಡಿ ಬೆಂದದ!"

"ಬೇಯಲಿ ಬಿಡೋ! ಪಂಕ್ತಿ ಅಂದ್ರ ಮೆಮೊರಿ, ಬಡಿಸಾಂವ ನಮ್ಮ ಕಾರ್ಡು. ಅಂವಗ ಜಗಾ ಗೊತ್ತು, ಮಂದಿ ಗೊತ್ತಿಲ್ಲ. ಯಜಮಾನ ಅಂದ್ರ ಆಪರೇಟಿಂಗ್ ಸಿಸ್ಟಮ್. ಜಗಾ ಕಮ್ಮಿ ಬಿತ್ತಂದ್ರ ಒಬ್ಬರನ್ನ ಎಬ್ಬಿಸಿ ಇನ್ನೊಬ್ಬರನ್ನ ಕೂಡಿಸ್ತಾನ. ನಮ್ಮ ಪ್ರೋಗ್ರಾಮನ್ನ ಎಬ್ಬಿಸಿದ ಜಗಾದಾಗ ಮದುಮಗಳ ಹೆಸರು ಕುಂತಿತ್ತು, ಅದರ ಮ್ಯಾಲ ದನಿ ಸುರೀತು. ಬಡಿಸೋದು ಮುಗಿಯೋತನಕ ಇವರನ್ನ ಎಬ್ಬಿಸಬ್ಯಾಡ್ರಿ ಅಂತ ನಾ ಅವನಿಗೆ ಹೇಳೇ ಇಲ್ಲ!"

"ಹಂಗಾರ ಎಲ್ಲಾರಿಗೂ ಮೊಳಿ ಹೊಡದು ಕೂಡಿಸಿಬಿಡ್ರಿ."

"ಹುಚ್ಚಾ, ಮುಗದ ಮ್ಯಾಲ ಬಿಡಬೇಕು. ಇಲ್ಲಾಂದ್ರ ಮುಂದಿನ ಪಂಕ್ತಿ ಎಲ್ಲಿ ಕೂಡಬೇಕು?"

ನಡುವಿನವರಿಗೂ ಒಂದು ಮಾತು ಹೇಳಿ ಇಡಬೇಕೆಂದು ಕಾಕಾ ಒಪ್ಪಿಕೊಂಡದ್ದು ಜನ್ಮದಲ್ಲಿ ಅದೇ ಮೊದಲು!

ಮರುದಿನ ಪ್ರೋಗ್ರಾಮ್ ತಿದ್ದಿದರು. ಹೆಡ್ ಮಾಸ್ತರರು ಇಡಿಯಾಗಿ ಗದರಿದರು. ಆಮೇಲೆ ಕಾಕಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರು.

ಪದ ಒಂದು ಎಳೆಯೂ ಹರಿಯದೆ ಇಳಿಯಿತು. ಕೊನೆಗೆ ಕಾಕಿಯ ದನಿ, ಸಂಕೋಚದಿಂದ, ಕೇಳಿತು: "ಚಲೋ ಬಂತೇನ್ರಿ?" ಉತ್ತರ ಬರುವ ಮೊದಲೇ ಅಂದು ಯಾರೋ ರೆಕಾರ್ಡರ್ ನಿಲ್ಲಿಸಿದ್ದರು. ಟೇಪು ಕಟ್ ಎಂದು ನಿಂತಿತು.

ಕಾಕಾ ಕಂಪ್ಯೂಟರನ್ನು ನೋಡಲಿಲ್ಲ. ಪಕ್ಕಕ್ಕೆ ತಿರುಗಿ, ಕಾಕಿಯ ಮುಖ ನೋಡುತ್ತ, "ಭಾಳ ಚಲೋ ಬಂತು," ಎಂದರು.

ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು, ಅವರ ಬೆನ್ನಿಗೊಂದು ಮೆತ್ತಗೆ ಗುದ್ದಿದರು.