ಸಿಗ್ನಲ್ಲಿನ ಕನ್ನಡಿ

ಮೊರಿಯೋನ ಶಾವಿಗೆ ಅಂಗಡಿಗೆ ಶನಿ ಹಿಡಿದದ್ದು ಬಾಗಿಲೆದುರಿನ ಸಿಗ್ನಲ್ಲಿನಿಂದ. ಒತಾರು ಊರಿನ ಆ ಇಳಿಜಾರು ಬೀದಿಯಲ್ಲಿ ಕೆಂಪು ದೀಪಕ್ಕೆ ನಿಂತ ಕಾರುಗಳ ಬಿಸಿಗೆ ಹಿಮ ಕರಗುತ್ತಿತ್ತು; ಕಾರು ಹೊರಟದ್ದೇ ತಡ, ನೀರು ಹೆಪ್ಪುಗಟ್ಟಿ ಕನ್ನಡಿಯಾಗುತ್ತಿತ್ತು. ಬಾಗಿಲವರೆಗೆ ಬಂದ ಗಿರಾಕಿಗಳು ಎಣ್ಣೆ ಸವರಿದ ತಟ್ಟೆಯ ಮೇಲಿನ ಮೊಟ್ಟೆಯಂತೆ ಜಾರಿ ಕೆಳಗಿನ ಚಿಜುವಿನ ಚಹಾ ಅಂಗಡಿ ಸೇರುತ್ತಿದ್ದರು. ಹೀಗೇ ನಡೆದರೆ ಈ ಚಳಿಗಾಲಕ್ಕೇ ಅಂಗಡಿಗೆ ಬೀಗ.

ಅಂದು ಬೀದಿ ಸಂಘದ ಅಧ್ಯಕ್ಷ ಇನಾಗಾಕಿ ಮಧ್ಯಾಹ್ನ ಬರುತ್ತೇನೆಂದು ಹೇಳಿಕಳಿಸಿದ್ದರು. ಸಂಘದ ವರ್ಷಾಂತ್ಯದ ಊಟಕ್ಕೆ ಜಾಗ ನೋಡೋಕೇ ಇರಬೇಕು ಅಂದ ಟ್ಯಾಕ್ಸಿ ಓಡಿಸುವ ಗೆಳೆಯ ತೆತ್ಸುಜಿ.

"ಅವರು ಬೀಳದೆ ಒಳಗೆ ಬಂದ್ರೆ ಊಟ ನಿಂದೇ ಕಣೋ."

ಜಾರದಂತೆ ಹಿಮದ ಮೇಲೆ ಚೆಲ್ಲಲು ಬೀದಿಯ ಮೂಲೆಯಲ್ಲಿಟ್ಟಿದ್ದ ಮರಳಿನ ಪೆಟ್ಟಿಗೆಗೆ ಮೊರಿಯೋ ಓಡಿದ. ಯಾರೋ ಆಗಲೇ ಬಳಿದುಕೊಂಡು ಹೋಗಿದ್ದರು. ಶಾವಿಗೆ ಬೇಯಿಸಿದ ಬಿಸಿನೀರು ಸುರಿದ. ಕನ್ನಡಿಗೆ ಇನ್ನೊಂದು ಪದರ ಕೂಡಿತು. ಕೊನೆಗೆ ತೆತ್ಸುಜಿಯೇ, ಅರೆಬರೆ ಬಿಸಿಯಿಂದಲೇ ಈ ಪಾಡು, ಪೂರಾ ಬಿಸಿ ಕೊಡೋಣ ಎಂದು ತನ್ನ ಟ್ಯಾಕ್ಸಿಯನ್ನು ಎಂಜಿನ್ ಆರಿಸದೆ ಬಾಗಿಲೆದುರೇ ನಿಲ್ಲಿಸಿದ. ಹಿಂದಿನ ಕಾರಿನವರೆಲ್ಲ ಬೈದುಕೊಂಡು ಹೋದರು. ಆದರೆ ಹೊತ್ತೇರುವಷ್ಟರಲ್ಲಿ ಡಾಂಬರು ಕಪ್ಪಗೆ ಕಣ್ಣುಬಿಟ್ಟಿತು.

ಇನಾಗಾಕಿ ರಾಜಗಾಂಭೀರ್ಯದಿಂದ ನಡೆದು ಒಳಬಂದರು, ಒಂದು ಬಟ್ಟಲು ಶಾವಿಗೆ ಹೀರಿದರು, ಬಾಯಿ ಒರೆಸಿಕೊಂಡರು.

"ಊಟದ ವಿಷಯ..." ಮೊರಿಯೋ ಕೈ ಹೊಸೆದ.

"ಯಾವ ಊಟ? ಹಿಮ ಕರಗಿಸೋಕೆ ರಸ್ತೆಯಡಿ ಬಿಸಿನೀರಿನ ಪೈಪು ಹಾಕಿಸ್ತಿದೀವಿ. ಒಂದೇ ಒಂದು ಬಾಗಿಲಿಗೆ. ಎಲ್ಲಿ ಜಾಸ್ತಿ ಜಾರತ್ತೋ ಅಲ್ಲಿಗೆ. ನಿಮ್ಮದೇ ಅಂದ್ಕೊಂಡಿದ್ದೆ, ಇಲ್ಲಿ ನೋಡಿದ್ರೆ ಚಾಪೆ ಹಾಸಿದ ಹಾಗಿದೆ."

ಮೊರಿಯೋ ಕಿಟಕಿಯಿಂದ ಕೈಸನ್ನೆ ಮಾಡಿ ತೆತ್ಸುಜಿಯನ್ನು ಟ್ಯಾಕ್ಸಿ ಸಮೇತ ಓಡಿಸಿದ. ಅಧ್ಯಕ್ಷರಿಗೆ ಬಲವಂತದಿಂದ ಇನ್ನೊಂದು ಬಟ್ಟಲು ಬಡಿಸಿದ. ಬೆಳಗಿನಿಂದ ಕರಗಲಿ ಕರಗಲಿ ಎಂದು ಬೇಡಿಕೊಂಡವನು ಈಗ ಹೆಪ್ಪುಗಟ್ಟು ತಾಯೀ ಎಂದು ಬೇಡತೊಡಗಿದ.

ತಾಯಿ ಕೈಬಿಡಲಿಲ್ಲ. ಹೊರಗೆ ಕಾಲಿಟ್ಟ ಇನಾಗಾಕಿ ಎರಡೂ ಕೈ ಮೇಲೆತ್ತಿಕೊಂಡು, ನಿಂತ ಭಂಗಿಯಲ್ಲೇ, ಬೀದಿಯ ಉದ್ದಕ್ಕೂ ತೇಲಿಹೋದರು. ಬಿದ್ದದ್ದು ಮಾತ್ರ ಸರಿಯಾಗಿ ಚಿಜುವಿನ ಬಾಗಿಲಲ್ಲಿ.

"ಸಿಕ್ತು," ಅಂದರು ಸೊಂಟ ಹಿಡಿದುಕೊಂಡು. "ಪೈಪು ಇಲ್ಲಿಗೇ."

ಮೊರಿಯೋ ತನ್ನ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡ. ಅಧ್ಯಕ್ಷರನ್ನು ಎಬ್ಬಿಸುತ್ತಿದ್ದ ಚಿಜು ತಲೆಯೆತ್ತಿ ನಕ್ಕಳು.

"ಮೊರಿಯೋ ಅವ್ರೇ, ನಿಮ್ಮ ಗಿರಾಕಿಗಳು ಹೇಗೂ ಇಲ್ಲೇ ಬಂದು ಬೀಳ್ತಾರೆ. ಒಲೆನೂ ಇಲ್ಲಿಗೇ ತಂದ್ಬಿಡಿ. ನನ್ನ ಅಡುಗೆಮನೆಯ ಅರ್ಧ ಖಾಲಿನೇ ಇದೆ."

ಅವನು ಮತ್ತೆ ಯೋಚಿಸಲಿಲ್ಲ. ಸಾರಿನ ಪಾತ್ರೆ ಎತ್ತಿಕೊಂಡು ಹೊಸ್ತಿಲು ದಾಟಿದ. ಉಳಿದ ದಾರಿಯನ್ನು ಕನ್ನಡಿಯೇ ನೋಡಿಕೊಂಡಿತು.