ಸೆಲ್ವಿಯ ಪಕ್ಕದ ಮನೆ

ಬಜೆಟ್ ಎಂಬ ಮಾತು ಕಿವಿಗೆ ಬಿದ್ದರೆ ಕೆಲವರು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ನಾನು ಬೆನ್ನ ಹಿಂದೆ ನೋಡುತ್ತೇನೆ. ಇದು ಹೇಡಿತನ ಎಂಬುದು ನನ್ನ ಹೆಂಡತಿಯ ತೀರ್ಮಾನ. ಹಲ್ಲಿ ಬಿದ್ದ ಸದ್ದಿಗೂ ಅವಳನ್ನೇ ಕೂಗುವವನು ನಾನಾದ್ದರಿಂದ ವಾದಕ್ಕಿಳಿಯುವ ಯೋಗ್ಯತೆ ನನಗಿಲ್ಲ.

ಯುದ್ಧ ಮುಗಿದ ಹೊಸದು. ದುಡಿಯುವವರ ಕಷ್ಟ ತಗ್ಗಿಸಲೆಂದು ಆ ಸಾಲಿನ ಬಜೆಟ್ಟಿನಲ್ಲಿ ಅಗ್ಗದ ಸೀಮೆಎಣ್ಣೆಗೂ ಬಟ್ಟೆಗೂ ಸರ್ಕಾರ ಹಣ ಇಟ್ಟಿತ್ತು. ಹಲಸೂರಿನ ಒಂದು ಓಣಿಯಲ್ಲಿ ಮನೆಮನೆ ತಿರುಗಿ ಹೆಸರು ಬರೆದುಕೊಳ್ಳುವ ಕೆಲಸ ಗುಮಾಸ್ತನಾದ ನನಗೆ ಬಿತ್ತು. ಮನೆಯಲ್ಲಿ ಯಾರೂ ಇರದಿದ್ದರೆ ‘ಇಲ್ಲ’ ಎಂದು ಬರೆದು ಮುಂದೆ ಹೋಗಬೇಕೆಂದು ಅಪ್ಪಣೆ. ಹಗಲೆಲ್ಲ ಕೂಲಿಗೆ ಹೋಗುವವರ ಪಟ್ಟಿಯನ್ನು ಹಗಲಿನಲ್ಲೇ ಬರೆಯಬೇಕೆಂದ ಆ ಬುದ್ಧಿವಂತ ಯಾರೋ ನಾನರಿಯೆ.

ಮಟಮಟ ಮಧ್ಯಾಹ್ನ. ಓಣಿಯಲ್ಲಿ ಒಂದು ಕಾಗೆಯೂ ಇರಲಿಲ್ಲ. ಕೊನೆಯ ಮನೆಯ ಬಾಗಿಲು ತಟ್ಟಿದರೆ ಉತ್ತರವಿಲ್ಲ. ‘ಇಲ್ಲ’ ಎಂದು ಬರೆಯಲು ಪೆನ್ಸಿಲ್ ಊರಿದಾಗ ಪಕ್ಕದ ಮನೆಯ ಬಾಗಿಲ ಸಂದಿಯಿಂದ ಮುದುಕಿಯೊಬ್ಬಳ ದನಿ ಬಂತು.

“ಬರೀಬೇಡಿ ಸ್ವಾಮಿ. ಸೆಲ್ವಿ ಗಾರೆ ಕೆಲ್ಸಕ್ಕೆ ಹೋಗವ್ಳೆ. ಗಂಡ ಇಲ್ಲ, ಮೂರು ಮಕ್ಳು. ಹಾಕ್ಕೊಳ್ಳಿ, ಮುರುಗ, ಕಾವೇರಿ, ಕೈಗೂಸು ಚಿನ್ನಿ.”

“ನಿಮ್ಮ ಹೆಸರೂ ಹೇಳಿ ಅಜ್ಜಿ, ಬರ್ಕೋತೀನಿ.”

“ನಂಗ್ಯಾತಕ್ಕಪ್ಪಾ ಇನ್ನು ಬಟ್ಟೆ?”

ಸಂದಿಯಿಂದ ಬಂದ ಗಾಳಿ ಬಾವಿಯೊಳಗಿನ ಗಾಳಿಯಂತೆ ತಣ್ಣಗಿತ್ತು. ನನ್ನ ದಡ್ಡತನ ನೋಡಿ, ಹಾಯಾಗಿದೆಯೆಂದು ಅಲ್ಲೇ ನಿಂತು ಬೆವರು ಒರೆಸಿಕೊಂಡೆ.

ಸಂಜೆ ಸೆಲ್ವಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮತ್ತೆ ಹೋದೆ. ಬರೆದದ್ದನ್ನು ಓದಿ ಹೇಳಿದಾಗ ಅವಳು ಕಂಕುಳ ಮಗುವನ್ನು ಬಿಗಿಯಾಗಿ ಹಿಡಿದಳು.

“ಚಿನ್ನಿ ಅಂತ ನಿಮ್ಗೆ ಯಾರು ಹೇಳಿದ್ರು ಸಾರ್? ಹೆಸರಿಟ್ಟಿದ್ದೇ ಹೋದ್ವಾರ.”

“ಪಕ್ಕದ್ಮನೆ ಅಜ್ಜಿ.”

“ಅಜ್ಜಿ ಹೋಗಿ ವರ್ಷ ಆಯ್ತಲ್ಲ ಸಾರ್! ದೊಡ್ಡವರಿಬ್ರ ಹೆರಿಗೆ ಮಾಡ್ಸಿದ್ದು ಅವ್ರೇ. ಇದನ್ನ ನೋಡ್ಲೇ ಇಲ್ಲ.”

ತಿರುಗಿ ನೋಡಿದೆ. ಮಧ್ಯಾಹ್ನ ಸಂದಿಯನ್ನಷ್ಟೇ ನೋಡಿದ್ದವನಿಗೆ ಈಗ ತುಕ್ಕು ಹಿಡಿದ ಬೀಗವೂ ಅದರ ಮೇಲಿನ ಜೇಡರ ಬಲೆಯೂ ಕಂಡವು. ನಾನು ಸೆಲ್ವಿಯ ಬೆನ್ನ ಹಿಂದೆ ಸರಿದು ನಿಂತೆ. ಸೆಲ್ವಿಗೆ ಮಾತ್ರ ಭಯವೇ ಇರಲಿಲ್ಲ. ಆ ಹೊಸ್ತಿಲ ಮುಂದೆ ಕುಳಿತು, ಮಗುವನ್ನು ಸಂದಿಯ ಹತ್ತಿರ ಹಿಡಿದು, “ಇವ್ಳೇ ಅಜ್ಜಿ ಚಿನ್ನಿ” ಎಂದಳು. ಕಣ್ಣಲ್ಲಿ ನೀರಿತ್ತು. ಒಳಗಿನಿಂದ ಲೊಚಲೊಚ ಎಂದು, ಹಲ್ಲಿಲ್ಲದವರು ಕೂಸನ್ನು ಆಡಿಸುವ ಸದ್ದು ಬಂತು. ಮಗು ಕಿಲಕಿಲ ನಕ್ಕಿತು. ನಾನು ಕೊಡೆಯನ್ನು ಅಲ್ಲೇ ಬಿಟ್ಟು ಓಡಿದೆ.

ಪಟ್ಟಿಯಲ್ಲಿ ‘ಮಾಹಿತಿ ಕೊಟ್ಟವರು: ನೆರೆಯವರು’ ಎಂದು ಬರೆದುಕೊಟ್ಟೆ. ಸುಳ್ಳೇನಲ್ಲವಲ್ಲ. ಸಾಹೇಬರು ಸೆಲ್ವಿಯ ಹೆಸರಿಗೆ ಸಹಿ ಹಾಕಿ, ಕನ್ನಡಕ ಏರಿಸಿದರು.

“ಈ ನೆರೆಯವರ ಹೆಸರೇ ಪಟ್ಟಿಯಲ್ಲಿಲ್ಲವಲ್ರೀ?”

“ಕೇಳ್ದೆ ಸಾರ್. ಬೇಡ ಅಂದ್ರು.”

“ಸರ್ಕಾರ ಕೊಡೋದನ್ನ ಬೇಡ ಅನ್ನೋರೂ ಇದ್ದಾರೇನ್ರೀ? ನಾಳೆ ನಾನೂ ಬರ್ತೀನಿ, ಅವರ ಹತ್ರ ಕರ್ಕೊಂಡ್ಹೋಗಿ.”

ಮಾರನೆಯ ದಿನದಿಂದ ನನಗೆ ಒಂದು ವಾರ ಜ್ವರ. ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಇತ್ತು, ಜ್ವರವೊಂದು ಇರಲಿಲ್ಲ.