ಮೂರೂವರೆಯನೇ ಮಹಡಿ

ಆ ಕಟ್ಟಡದಲ್ಲಿ ಮೂರನೇ ಮಹಡಿಯವರೆಗೆ ರಾಜ್ಯ ಸರ್ಕಾರದ ಆಡಳಿತವಿತ್ತು, ನಾಲ್ಕರಿಂದ ಮೇಲಕ್ಕೆ ಕೇಂದ್ರ ಸರ್ಕಾರದ್ದು. ಲಿಫ್ಟ್ ಇಬ್ಬರಿಗೂ ಸೇರಿತ್ತು. ಆದಕಾರಣ ಅದಕ್ಕೆ ಯಾರೂ ಎಣ್ಣೆ ಹಾಕುತ್ತಿರಲಿಲ್ಲ.

ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಈ ಹಂಚಿಕೆಯ ಕರಡು ಬರೆದವರು ಕಾನೂನು ಸಲಹೆಗಾರರು. ಒಂದು ಸೋಮವಾರ ಲಿಫ್ಟ್ ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ನಿಂತಾಗ ಒಳಗಿದ್ದವರೂ ಅವರೇ. ಬಾಗಿಲು ಸರಿಸಿದರೆ ಮೇಲಿನ ಸಂದಿಯಲ್ಲಿ ನಾಲ್ಕನೇ ಮಹಡಿಯವರ ಬೂಟು, ಕೆಳಗಿನ ಸಂದಿಯಲ್ಲಿ ಮೂರನೇ ಮಹಡಿಯವರ ಬೋಳುತಲೆ ಕಂಡವು.

ಕೇಂದ್ರದ ಎಂಜಿನಿಯರ್ ಮಂಡಿಯೂರಿ ಬಗ್ಗಿದರು. "ಸಾರ್, ನಿಮ್ಮ ತಲೆ ನಮ್ಮ ವ್ಯಾಪ್ತಿಗೆ ಬರುತ್ತೆ. ಅದನ್ನ ಎತ್ತಬಹುದು."

"ತಲೆ ಎತ್ತಿದ್ರೆ ಕಾಲೂ ಜೊತೆಗೇ ಬರುತ್ತಲ್ಲಪ್ಪ."

"ಅದು ಅತಿಕ್ರಮಣ ಆಗುತ್ತೆ. ನೀವೇ ಬರೆದಿದ್ದೀರಿ."

ಸಲಹೆಗಾರರಿಗೆ ಒಳಗೊಳಗೇ ಖುಷಿಯಾಯಿತು. ತಮ್ಮ ಕರಡನ್ನು ಯಾರೋ ಓದಿದ್ದರು.

ಕೆಳಗಿನಿಂದ ರಾಜ್ಯದ ಎಂಜಿನಿಯರ್ ಕೂಗಿದರು. "ಕಾಲೆಳೆಯೋದು ನಮ್ಮ ಅಧಿಕಾರದಲ್ಲೇ ಇದೆ ಸಾರ್, ಅನುಭವವೂ ಇದೆ. ಆದ್ರೆ ಮೇಲಿನವರ ಒಪ್ಪಿಗೆ ಬೇಕು."

ಮಧ್ಯಾಹ್ನ ಸಲಹೆಗಾರರ ಹೆಂಡತಿ ಊಟದ ಡಬ್ಬಿ ಹಿಡಿದು ಬಂದರು. ಸಂದಿಯನ್ನು ಒಮ್ಮೆ ನೋಡಿದರು, ಗಂಡನನ್ನು ಒಮ್ಮೆ ನೋಡಿದರು.

"ರೀ, ನೀವೇ ಮಲಗಿ ನುಸುಳಿದ್ರೆ ಆಚೆ ಬರಬಹುದಲ್ಲ?"

"ಬರಬಹುದು ಕಣೇ. ಬಂದ್ರೆ ನಾನು ಬರೆದದ್ದು ತಪ್ಪು ಅಂತಾಗುತ್ತೆ."

"ಮನೇಲೂ ಇದೇ ಕಥೆ. ಅಡುಗೆಮನೆ ನಂದು, ನಡುಮನೆ ನಿಮ್ಮದು, ಹೊಸ್ತಿಲ ಮೇಲಿನ ಕಸ ಯಾರದ್ದೂ ಅಲ್ಲ. ಸಂಜೆ ಮಗಳ ಮೊದಲ ನಾಟಕ ಇದೆ. ಮುಂದಿನ ಸಾಲಲ್ಲಿ ನಿಮಗೆ ಕುರ್ಚಿ ಹಿಡಿದಿಟ್ಟಿದಾಳೆ."

ಸಲಹೆಗಾರರ ಮುಖ ಸಣ್ಣದಾಯಿತು. ಕರಡು ಹಾಳಾಗಿ ಹೋಗಲಿ ಎಂದುಕೊಂಡು ಕೋಟು ಬಿಚ್ಚಿ ಅಂಗಾತ ಮಲಗಿದರು. ಒಂದು ಕಾಲು ಹೊರಗೆ ಹಾಕಿದ್ದರು, ಅಷ್ಟರಲ್ಲಿ ಉಭಯ ಸರ್ಕಾರಗಳ ಜಂಟಿ ಪ್ರಕಟಣೆಯನ್ನು ಮೇಲೂ ಕೆಳಗೂ ಏಕಕಾಲದಲ್ಲಿ ಓದಲಾಯಿತು:

"ಸದರಿ ಲಿಫ್ಟನ್ನು ಮೂರೂವರೆಯನೇ ಮಹಡಿ ಎಂದು ಘೋಷಿಸಲಾಗಿದೆ. ಒಳಗಿರುವವರನ್ನು ಅದರ ಮಹಾ ಸಮನ್ವಯಾಧಿಕಾರಿಯೆಂದು ಪರಿಗಣಿಸತಕ್ಕದ್ದು."

ಸಲಹೆಗಾರರು ಕಾಲನ್ನು ಮೆಲ್ಲಗೆ ಒಳಕ್ಕೆಳೆದುಕೊಂಡರು.

"ಮಗಳಿಗೆ ಏನಂತ ಹೇಳಲಿ?" ಎಂದರು ಹೆಂಡತಿ.

"ಅಪ್ಪನಿಗೆ ಬಡ್ತಿ ಆಯ್ತು ಅಂತ ಹೇಳು."

ಆಕೆ ಡಬ್ಬಿಯನ್ನು ಸಂದಿಯೊಳಗೆ ತಳ್ಳಿ ಮೆಟ್ಟಿಲಿಳಿದು ಹೋದರು. ಮರುದಿನ ಮೆಕ್ಯಾನಿಕ್ ಬಂದು, ಲಿಫ್ಟ್ ಸರಿಯಾಗಿದೆ, ಗುಂಡಿ ಒತ್ತಿದರೆ ಸಾಕು ಎಂದ. ಸರ್ಕಾರಿ ಕಚೇರಿಯನ್ನು ಹಾಗೆಲ್ಲ ಸ್ಥಳಾಂತರಿಸಲು ಬರುವುದಿಲ್ಲವೆಂದು ಮಹಾ ಸಮನ್ವಯಾಧಿಕಾರಿಗಳು ತಿಳಿಹೇಳಿ ಕಳಿಸಿದರು.

ಈಗ ಎಲ್ಲರೂ ಮೆಟ್ಟಿಲು ಹತ್ತುತ್ತಾರೆ. ಹೋಗುವಾಗ ಬರುವಾಗ ಅವರಿಗೊಂದು ನಮಸ್ಕಾರ ಹಾಕುತ್ತಾರೆ, ಮೇಲಿನವರು ಬಗ್ಗಿ, ಕೆಳಗಿನವರು ಕತ್ತೆತ್ತಿ.